ದಕ್ಷಿಣ ಕನ್ನಡ ಜಿಲ್ಲೆಯವರ ಮುಂಬಯಿ ವಲಸೆ: ಲಾಭನಷ್ಟಗಳ ವಿವೇಚನೆ

ಪೀಠಿಕೆ

ಹುಟ್ಟಿದ ಸೀಮೆಯನ್ನು ತೊರೆದು ಬೇರೊಂದು ಸೀಮೆಯಲ್ಲಿ ನೆಲೆಸುವುದು ಶ್ರೇಯಸ್ಕರವೋ ಹಾನಿಕರವೋ ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಎರಡು ಬಗೆಯ ಉತ್ತರಗಳು ದೊರೆಯುತ್ತವೆ. ಕೂಲಿ ಕಡಿಮೆಯಿರುವ ಎಡೆಯಿಂದ ಹೆಚ್ಚಿರುವ ಎಡೆಗೆ ಜನರು ಹೋಗುವುದರಿಂದ ಉಭಯ ಪ್ರದೇಶಗಳಿಗೂ ಒಳಿತೇ ಆಗುವುದೆಂದು ಅರ್ಥಶಾಸ್ತ್ರದ ದೃಷ್ಟಿಯುಳ್ಳವರು ಹೇಳುತ್ತಾರೆ. ನೆಲ, ನುಡಿ, ದೈವ, ಬಂಧುವರ್ಗ ಇವುಗಳಿಂದ ಅಗಲಿದವನು ಎಷ್ಟು ಗಳಿಸಿದರೂ ಕಳೆದುಕೊಂಡವನೇ ಎಂದು ಸಂಸ್ಕೃತಿಚಿಂತಕರು ಹೇಳುತ್ತಾರೆ. ಈ ಎರಡು ಪಕ್ಷಗಳವರೂ ವಲಸೆ ಹೋಗುವ ವ್ಯಕ್ತಿಯೊಬ್ಬನನ್ನೇ ಕಣ್ಣಮುಂದಿಟ್ಟುಕೊಂಡು ವಾದಿಸುವರಾದ ಕಾರಣ, ಲಾಭವು ಒಬ್ಬರ ಪಾಲಿಗೆ ಬಂದು ನಷ್ಟವು ಇನ್ನೊಬ್ಬರ ಪಾಲಿಗೆ ಬೀಳಬಹುದೆಂಬ ಸಂಗತಿಯೂ, ಒಂದು ತಲೆಮಾರು ಗಳಿಸಿದುದರ ಬೆಲೆಯನ್ನು ಮುಂದಿನ ತಲೆಮಾರು ತೆರಬೇಕಾಗಬಹುದೆಂಬ ಸಂಗತಿಯೂ ಅವರ ಗಣನೆಗೆ ಬಾರದೆ ಹೋಗುತ್ತವೆ.

ಈ ದೃಷ್ಟಿಯಿಂದ ಪರೀಕ್ಷಿಸುವುದಕ್ಕೆ ಅವಿಭಕ್ತ ದಕ್ಷಿಣ ಕನ್ನಡ ಜಿಲ್ಲೆಯಿಂದ ಮುಂಬಯಿಗೆ ಒಂದು ಶತಮಾನಕ್ಕೂ ಮಿಕ್ಕಿ ನಡೆದುಬಂದ ವಲಸೆಗಿಂತ ಯೋಗ್ಯವಾದ ಉದಾಹರಣೆ ಕನ್ನಡ ನಾಡಿನಲ್ಲಿ ವಿರಳ. ಶಿವಳ್ಳಿ ಬ್ರಾಹ್ಮಣರು, ಗೌಡ ಸಾರಸ್ವತರು, ಬಂಟರು, ಬಿಲ್ಲವರು, ಮೊಗವೀರರು, ಕ್ರೈಸ್ತರು, ಬ್ಯಾರಿಗಳು ಎಂಬ ಭೇದವಿಲ್ಲದೆ ಎಲ್ಲ ವರ್ಗದವರೂ ಪಾಲ್ಗೊಂಡ ಈ ವಲಸೆಯ ಗುಣದೋಷಗಳನ್ನು ತೂಗಿನೋಡಿ, ಸ್ಥಳಾಂತರವು ಯಾವ ಸನ್ನಿವೇಶದಲ್ಲಿ ಹಿತಕರವಾಗುವುದು, ಯಾವುದರಲ್ಲಿ ಅಲ್ಲ ಎಂಬುದನ್ನು ನಿರ್ಣಯಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ವಲಸೆಯ ಕಾರಣಗಳು

ಪಶ್ಚಿಮ ಘಟ್ಟಕ್ಕೂ ಅರಬ್ಬೀ ಸಮುದ್ರಕ್ಕೂ ನಡುವಣ ಈ ಕಿರಿದಾದ ಪ್ರದೇಶದಲ್ಲಿ ಮಳೆಗೆ ಕೊರತೆಯಿಲ್ಲದಿದ್ದರೂ ಉಳುವುದಕ್ಕೆ ಯೋಗ್ಯವಾದ ನೆಲಕ್ಕೆ ಕೊರತೆಯುಂಟು. ಬಯಲು, ಮಜಲು, ಬೆಟ್ಟು ಎಂದು ವಿಂಗಡಿಸಲ್ಪಟ್ಟ ಗದ್ದೆಗಳಲ್ಲಿ ಮೂರು ಬೆಳೆ ಕೊಡುವವು ಕೆಲವೇ. ಮಿಕ್ಕವು ಎರಡು ಬೆಳೆಗೋ ಮಳೆಗಾಲದ ಒಂದೇ ಬೆಳೆಗೋ ತೃಪ್ತಿಪಡಬೇಕಾದವು. ಇಂತಹ ನೆಲವನ್ನೂ ಉಳುತ್ತಿದ್ದವರಲ್ಲಿ ಬಹುಮಂದಿ ಒಡೆಯರಲ್ಲದ ಗೇಣಿದಾರರು. ಅವರಲ್ಲಿಯೂ ಶಾಶ್ವತವಾದ ಮೂಲಗೇಣಿಯ ಹಕ್ಕುಳ್ಳವರು ಕೆಲವರಾದರೆ, ಒಡೆಯನ ಇಚ್ಛೆಯಂತೆ ಬಿಡಬೇಕಾದ ಚಾಲಗೇಣಿಯವರೇ ಅನೇಕರು. ಮಂಗಳೂರಿನಲ್ಲಿ 1865ರಲ್ಲಿ ಬಾಸೆಲ್ ಮಿಶನ್ನಿನವರು ಹಂಚಿನ ಕಾರ್ಖಾನೆಯನ್ನು ತೆರೆದ ಮೇಲೆ ಹಂಚು, ಗೇರುಬೀಜ, ಬೀಡಿ ಮೊದಲಾದ ಉದ್ಯಮಗಳು ಬೆಳೆದುವಾದರೂ ಹೆಚ್ಚುತ್ತಿದ್ದ ಜನರೆಲ್ಲರಿಗೂ ಅವುಗಳಲ್ಲಿ ಆಶ್ರಯ ದೊರೆಯಲಿಲ್ಲ. ಕಾಫಿ ತೋಟಗಳ ಕೆಲಸಕ್ಕಾಗಿ ಕೊಡಗು, ಚಿಕ್ಕಮಗಳೂರುಗಳಿಗೆ ಘಟ್ಟ ಹತ್ತಿಹೋಗಿ ಮಳೆಗಾಲಕ್ಕೆ ಮುನ್ನ ಮರಳುವ ವಾಡಿಕೆ ಅದಾಗಲೇ ಇದ್ದಿತು. ಆದರೆ ಅಲ್ಲಿ ಮಲೇರಿಯಾ ಜ್ವರದ ಭಯವಿದ್ದಿತೇ ಹೊರತು ಮೇಲಕ್ಕೇರುವ ದಾರಿಯಿರಲಿಲ್ಲ.

ಇವೆಲ್ಲಕ್ಕಿಂತಲೂ ವಿಚಾರಣೀಯವಾದ ಕಾರಣ ಅಳಿಯಸಂತಾನ ಪದ್ಧತಿ. ಬಂಟರು, ಬಿಲ್ಲವರು, ಮೊಗವೀರರು ಮುಂತಾದವರಲ್ಲಿ ಕುಟುಂಬದ ಆಸ್ತಿ ಹೆಣ್ಣಿನ ಸಂತತಿಯಲ್ಲಿ ಇಳಿದುಬರುತ್ತಿದ್ದು, ಅದರ ಆಡಳಿತ ಯಜಮಾನನ ಕೈಯಲ್ಲಿರುತ್ತಿದ್ದಿತು. 1949ರ ಮದರಾಸು ಅಳಿಯಸಂತಾನ ಕಾನೂನು ಬರುವವರೆಗೆ ಕುಟುಂಬದ ಸದಸ್ಯನೊಬ್ಬನು ತನ್ನ ಪಾಲನ್ನು ವಿಭಾಗಿಸಿ ಕೊಡಿರೆಂದು ಒತ್ತಾಯಿಸುವಂತಿರಲಿಲ್ಲ. ಸೋದರಮಾವನ ಯಾಜಮಾನ್ಯದಲ್ಲಿದ್ದು ಸ್ವಂತ ಮಕ್ಕಳಿಗಾಗಿ ಏನನ್ನೂ ಕೂಡಿಡಲಾರದ ತರುಣನಿಗೆ ಸ್ವಾರ್ಜಿತವೆಂದು ಹೇಳಿಕೊಳ್ಳಬಹುದಾದ ಸಂಪಾದನೆ ಹೊರಗೆ ಹೋದರೆ ಮಾತ್ರ ಸಾಧ್ಯವಾಗಿದ್ದಿತು. ವಲಸೆಗೆ ಪ್ರೇರಣೆ ಕೊಟ್ಟ ಇದೇ ಪದ್ಧತಿ ವಲಸೆಯ ಹಾನಿಯನ್ನು ತಗ್ಗಿಸಿದುದೂ ಒಂದು ವಿಶೇಷವೇ ಸರಿ; ಅದನ್ನು ಮುಂದೆ ನೋಡೋಣ.

ಜಿಲ್ಲೆ ಆಡಳಿತಕ್ಕೆ ಮದರಾಸಿಗೆ ಸೇರಿದ್ದಿತು. 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದುದು ಉತ್ತರ ಕನ್ನಡ ಮಾತ್ರ. 1907ರಲ್ಲಿ ಮಂಗಳೂರನ್ನು ಮುಟ್ಟಿದ ರೈಲೂ ಮದರಾಸಿನ ಕಡೆಯದೇ. ಹೀಗಿದ್ದರೂ ಜನರು ಸಮುದ್ರಮಾರ್ಗವಾಗಿ ಮುಂಬಯಿಯ ಕಡೆಗೇ ಹೊರಟರೆಂಬುದನ್ನು ಗಮನಿಸಿದರೆ, ವಲಸೆಯ ದಿಕ್ಕನ್ನು ಆಡಳಿತದ ಗಡಿಗಳಿಗಿಂತ ಮೊದಲೇ ಹೋಗಿ ನೆಲೆನಿಂತ ಬಂಧುಗಳೂ ಊರವರೂ ನಿರ್ಧರಿಸುವರೆಂಬುದು ಸ್ಪಷ್ಟವಾಗುತ್ತದೆ.

ಲಾಭಪಕ್ಷ

ಮುಂಬಯಿಗೆ ಹೊಸದಾಗಿ ಬಂದವನಿಗೆ ಕೆಲಸಕ್ಕಿಂತಲೂ ದುರ್ಲಭವಾದುದು ತಲೆಯ ಮೇಲಣ ಸೂರು. ಉಡುಪಿ ಹೋಟೆಲು ಈ ಎರಡು ಅಭಾವಗಳನ್ನೂ ಒಟ್ಟಿಗೇ ನೀಗಿಸಿತು. ಲೋಟ ತೊಳೆಯುವ ಹುಡುಗನೂ ಬಡಿಸುವ ಮಾಣಿಯೂ ಹೋಟೆಲಿನಲ್ಲಿಯೇ ಉಂಡು, ಬಾಗಿಲು ಹಾಕಿದ ಮೇಲೆ ಅಲ್ಲಿಯೇ ಮಲಗುತ್ತಿದ್ದುದರಿಂದ, ಸಂಬಳ ಅಲ್ಪವಾದರೂ ಅದರ ಬಹುಭಾಗ ಮನಿಯಾರ್ಡರಿನ ಮೂಲಕ ಊರಿಗೆ ತಲುಪುತ್ತಿದ್ದಿತು. ಬಂಡವಾಳಕ್ಕಿಂತ ಅಡಿಗೆಯ ಕೌಶಲವನ್ನೂ ದುಡಿಮೆಯ ಶಿಸ್ತನ್ನೂ ಹೆಚ್ಚಾಗಿ ಬೇಡುವ ವೃತ್ತಿ ಇದಾದುದರಿಂದ ಮಾಣಿಯಾಗಿದ್ದವನು ಗಲ್ಲಾದ ಮೇಲೆ ಕೂರುವುದೂ, ಮುಂದೆ ತಾನೇ ಹೋಟೆಲು ತೆರೆದು ಊರಿನ ಹುಡುಗರನ್ನು ಕರೆಸಿಕೊಳ್ಳುವುದೂ ಅಸಾಧ್ಯವಾಗಿರಲಿಲ್ಲ. 1942ರಲ್ಲಿ ಎ. ರಾಮ ನಾಯಕರು ಮಾಟುಂಗದಲ್ಲಿ ಸ್ಥಾಪಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಈ ಪರಂಪರೆಯ ಪ್ರಸಿದ್ಧ ನಿದರ್ಶನ.

ಎರಡನೆಯ ಲಾಭ ವಿದ್ಯೆಯದು. 1902ರಲ್ಲಿ ಸ್ಥಾಪಿತವಾದ ಮೊಗವೀರ ವ್ಯವಸ್ಥಾಪಕ ಮಂಡಳಿ, 1927ರ ಬಂಟರ ಸಂಘ, 1932ರ ಬಿಲ್ಲವರ ಎಸೋಸಿಯೇಶನ್ ಇವೇ ಮೊದಲಾದ ಸಂಸ್ಥೆಗಳು ಊರಿನ ಹುಡುಗರಿಗೆ ಆಸರೆಯಾದುವಷ್ಟೆ. ಅವುಗಳೂ ಅವುಗಳಂತಹ ಇತರ ಸಂಸ್ಥೆಗಳೂ ನಡೆಯಿಸಿದ ರಾತ್ರಿಶಾಲೆಗಳಲ್ಲಿ, ಹಗಲೆಲ್ಲ ಕೋಟೆ ವಿಭಾಗದ ಕ್ಯಾಂಟೀನುಗಳಲ್ಲಿ ದುಡಿದವರು ಓದಿ, ಗುಮಾಸ್ತರೂ ವಕೀಲರೂ ಅಧ್ಯಾಪಕರೂ ಆದರು. ಊರಿನಲ್ಲಿಯೇ ಇದ್ದಿದ್ದರೆ ಇವರಲ್ಲಿ ಬಹುಮಂದಿಗೆ ಪ್ರೌಢವಿದ್ಯೆ ಲಭಿಸುತ್ತಿರಲಿಲ್ಲವೆಂಬುದು ನಿರ್ವಿವಾದ. ಪ್ರತಿಭೆಗೆ ತಕ್ಕ ರಂಗ ಮಹಾನಗರದಲ್ಲಿ ದೊರೆಯುವುದಕ್ಕೆ, ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ ಜನಿಸಿ ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು ಅಲ್ಲಿಯೇ ಬೋಧಿಸಿದ ಚಿತ್ರಕಾರ ಕೆ.ಕೆ. ಹೆಬ್ಬಾರರು ಸಾಕ್ಷಿ.

ಇನ್ನು ಮೂರನೆಯ ಲಾಭ ಜಾತಿಯ ಕಟ್ಟು ಸ್ವಲ್ಪಮಟ್ಟಿಗೆ ಸಡಿಲವಾದುದು. ಊರಿನಲ್ಲಿ ಒಡೆಯನ ಅಂಗಳದಲ್ಲಿ ದೂರ ನಿಲ್ಲಬೇಕಾಗಿದ್ದವನ ಮಗನು ನಗರದಲ್ಲಿ ಒಡೆಯನ ಮಗನೊಡನೆ ಒಂದೇ ಬೆಂಚಿನ ಮೇಲೆ ಕುಳಿತನು. ಆದರೆ ಇದನ್ನು ಅತಿಶಯಿಸಿ ಹೇಳಲಾಗದು. ಆಶ್ರಯ ನೀಡಿದ ಸಂಘಗಳೇ ಬಹುತೇಕ ಜಾತಿಯ ಹೆಸರಿನವಾದುದರಿಂದ, ಬಲವಾದ ಸಂಘವಿಲ್ಲದ ಜಾತಿಗಳವರಿಗೆ ನಗರದ ಬಾಗಿಲು ಅಷ್ಟು ಸುಲಭವಾಗಿ ತೆರೆಯಲಿಲ್ಲ. 1933ರಲ್ಲಿ ಹುಟ್ಟಿದ ಕರ್ನಾಟಕ ಸಂಘದಂತಹ, ಜಾತಿಯನ್ನು ಕೇಳದ ಸಂಸ್ಥೆಗಳ ಮಹತ್ತ್ವ ಇರುವುದು ಇಲ್ಲಿಯೇ.

ನಷ್ಟಪಕ್ಷ

ಹೋದವರಿಗಿಂತ ಉಳಿದವರ ಮೇಲೆ ಬಿದ್ದ ಭಾರವನ್ನು ಮೊದಲು ಪರಿಗಣಿಸುವುದು ನ್ಯಾಯ. 2011ರ ಜನಗಣತಿಯಲ್ಲಿ ರಾಜ್ಯದಲ್ಲಿ ಸಾವಿರ ಪುರುಷರಿಗೆ 973 ಸ್ತ್ರೀಯರಿದ್ದರೆ ಉಡುಪಿ ಜಿಲ್ಲೆಯಲ್ಲಿ 1094 ಮಂದಿ ಇದ್ದರು. ಹಿಂದಿನ ಹತ್ತು ವರ್ಷಗಳಲ್ಲಿ ರಾಜ್ಯದ ಜನಸಂಖ್ಯೆ ನೂರಕ್ಕೆ 15ಕ್ಕೂ ಹೆಚ್ಚು ಬೆಳೆದಿದ್ದರೆ ಉಡುಪಿಯಲ್ಲಿ ಆ ಬೆಳವಣಿಗೆ 6ನ್ನು ಮುಟ್ಟಲಿಲ್ಲ. ಈ ಅಂತರಕ್ಕೆ ಜನನಪ್ರಮಾಣದ ಇಳಿತವೂ ಕಾರಣವಾದರೂ, ದುಡಿಯುವ ವಯಸ್ಸಿನ ಗಂಡಸರು ಮೊದಲು ಮುಂಬಯಿಗೂ ಅನಂತರ ಕೊಲ್ಲಿ ರಾಷ್ಟ್ರಗಳಿಗೂ ಹೋದುದರ ಗುರುತು ಇದರಲ್ಲಿ ನಿಸ್ಸಂದೇಹವಾಗಿ ಇದೆ. ನಾಟಿಯಿಂದ ಕೊಯ್ಲಿನವರೆಗಿನ ಬೇಸಾಯ, ವೃದ್ಧರ ಶುಶ್ರೂಷೆ, ಮಕ್ಕಳ ಪಾಲನೆ ಇವೆಲ್ಲವನ್ನೂ ಹೊತ್ತವರು ಸ್ತ್ರೀಯರು. ವಲಸೆಯ ಯಶೋಗಾಥೆಗಳಲ್ಲಿ ಅವರ ಹೆಸರು ಬರುವುದಿಲ್ಲ. ಆದರೆ ಅವರ ಶ್ರಮವಿಲ್ಲದೆ ಆ ಯಶಸ್ಸು ಸಾಧ್ಯವೂ ಆಗುತ್ತಿರಲಿಲ್ಲ.

ಎರಡನೆಯ ನಷ್ಟ ನೆಲದ ವಿಷಯದಲ್ಲಿ ಒದಗಿದುದು. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯ ಪ್ರಕಾರ ಗೇಣಿಗೆ ಕೊಟ್ಟ ಭೂಮಿಯೆಲ್ಲವೂ ಸರಕಾರಕ್ಕೆ ಸೇರಿ, ಉಳುವವನಿಗೆ ಸಲ್ಲಬೇಕಾಯಿತು. ಮುಂಬಯಿಯಲ್ಲಿದ್ದುಕೊಂಡು ಗದ್ದೆಯನ್ನು ಚಾಲಗೇಣಿಗೆ ಬಿಟ್ಟಿದ್ದ ಒಡೆಯರ ಮನೆತನಗಳು ಆ ನೆಲವನ್ನು ಕಳೆದುಕೊಂಡುವು. ಅದೇ ಮುಂಬಯಿಯಲ್ಲಿ ಲೋಟ ತೊಳೆಯುತ್ತಿದ್ದ ಗೇಣಿದಾರನ ಮಗನ ಮನೆಗೆ, ತಾಯಿಯೋ ಅಕ್ಕನೋ ಊರಿನಲ್ಲಿದ್ದು ಉಳುಮೆಯನ್ನು ಬಿಡದೆ ನಡೆಯಿಸಿದ್ದರೆ, ಭೂಮಿಯ ಒಡೆತನ ಬಂದಿತು. ಈ ಕಾನೂನಿನಿಂದಾದ ಸಾಮಾಜಿಕ ನ್ಯಾಯವನ್ನು ಇಲ್ಲಿ ಪ್ರಶ್ನಿಸುತ್ತಿಲ್ಲ. ಒಂದೇ ಊರಿನಿಂದ ಒಂದೇ ನಗರಕ್ಕೆ ಹೋದ ಇಬ್ಬರಿಗೆ ವಿರುದ್ಧ ಫಲಗಳು ದೊರೆತುದಕ್ಕೆ, ಅವರವರ ಹಕ್ಕಿನ ಸ್ವರೂಪದ ಜತೆಗೆ, ಅವರ ಹಿಂದೆ ಊರಿನಲ್ಲಿ ಯಾರು ಉಳಿದಿದ್ದರು, ಏನು ಮಾಡುತ್ತಿದ್ದರು ಎಂಬುದೂ ಕಾರಣವೆಂಬ ಅಂಶವೇ ನಮಗೆ ಮುಖ್ಯ. ಇಂದು ಕರಾವಳಿಯಲ್ಲಿ ಎಷ್ಟೋ ಗದ್ದೆಗಳು ಹಡಿಲು ಬಿದ್ದಿವೆ. ಕಟ್ಟಡದ ಕೆಲಸಕ್ಕೆ ವಿಜಯಪುರ, ಬಾಗಲಕೋಟೆಗಳ ಕಡೆಯ ಕೂಲಿಕಾರರು ಬರುತ್ತಿದ್ದಾರೆ. ಜನರನ್ನು ಕಳುಹಿಸಿದ ಸೀಮೆ ಈಗ ತಾನೇ ಇನ್ನೊಂದು ಸೀಮೆಯ ವಲಸೆಗಾರರನ್ನು ಆಶ್ರಯಿಸಬೇಕಾಗಿದೆ.

ಮೂರನೆಯದು ಪರಕೀಯತೆಯ ಕಷ್ಟ. 1956ರ ರಾಜ್ಯ ಪುನರ್ವಿಂಗಡಣೆಯಿಂದ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ, 1960ರಲ್ಲಿ ಮುಂಬಯಿ ಮಹಾರಾಷ್ಟ್ರದ ರಾಜಧಾನಿಯಾದ ಮೇಲೆ, ಅಲ್ಲಿಯವರೆಗೆ ಬಹುಭಾಷೆಗಳ ವಾಣಿಜ್ಯನಗರವಾಗಿದ್ದ ಊರಿನಲ್ಲಿ ನೆಲದ ಮಕ್ಕಳೆಂಬ ವಾದ ತಲೆಯೆತ್ತಿತು. 1966ರಲ್ಲಿ ಸ್ಥಾಪಿತವಾದ ಶಿವಸೇನೆಯ ಆರಂಭದ ವರ್ಷಗಳ ಪ್ರಚಾರ ದಕ್ಷಿಣದವರ ವಿರುದ್ಧವೇ ಮೊಳಗಿತು. ಉಡುಪಿ ಹೋಟೆಲುಗಳೂ ಅದರ ಗುರಿಯಾದುವು. ಎಷ್ಟು ದಶಕ ದುಡಿದರೂ ವಲಸೆಗಾರನ ನೆಲೆ ಅನ್ಯರ ಸಮ್ಮತಿಯನ್ನು ಅವಲಂಬಿಸಿರುವುದೆಂಬ ಕಟುಸತ್ಯವನ್ನು ಆ ಕಾಲ ಮನಗಾಣಿಸಿತು.

ನಾಲ್ಕನೆಯ ನಷ್ಟ ನುಡಿಯದು. ಇದು ಮೊದಲ ತಲೆಮಾರಿನಲ್ಲಿ ತೋರಲೇ ಇಲ್ಲ. ಮನೆಯಲ್ಲಿ ತುಳುವೋ ಕೊಂಕಣಿಯೋ ಆಡುತ್ತಿದ್ದು ಶಾಲೆಯಲ್ಲಿ ಕನ್ನಡ ಕಲಿತುಬಂದ ಆ ಜನರು ಮುಂಬಯಿಯಲ್ಲಿ ಕನ್ನಡಕ್ಕೊಂದು ಲೋಕವನ್ನೇ ಕಟ್ಟಿದರು. ಮಹಾನಗರಪಾಲಿಕೆಯ ಕನ್ನಡ ಶಾಲೆಗಳು, ಕನ್ನಡ ದಿನಪತ್ರಿಕೆ, ಊರಿನ ತಿರುಗಾಟ ಮುಗಿಯುವ ಪತ್ತನಾಜೆಯ ಅನಂತರ ಅಲ್ಲಿಂದ ಬಂದು ಮಳೆಗಾಲದಲ್ಲಿ ಸಭಾಗೃಹಗಳಲ್ಲಿ ಆಡುವ ಯಕ್ಷಗಾನ ಮಂಡಳಿಗಳು, ಇವೆಲ್ಲ ಆ ಉತ್ಸಾಹದ ಫಲಗಳು. ಉತ್ತರ ಕನ್ನಡದ ಹನೇಹಳ್ಳಿಯಿಂದ ಬಂದು ಮುಂಬಯಿಯಲ್ಲಿ ನೆಲೆಸಿದ ಯಶವಂತ ಚಿತ್ತಾಲರ ‘ಶಿಕಾರಿ’ಯಂತಹ ಕಾದಂಬರಿ ಕನ್ನಡಕ್ಕೆ ದೊರೆತುದೂ ಇಂತಹುದೇ ವಲಸೆಯಿಂದ. ಆದರೆ ಇಂಗ್ಲಿಷ್ ಮಾಧ್ಯಮದಲ್ಲಿ ಓದಿ ಬೀದಿಯಲ್ಲಿ ಹಿಂದಿ, ಮರಾಠಿಗಳನ್ನಾಡುವ ಮೊಮ್ಮಕ್ಕಳಿಗೆ ಆ ಲೋಕದೊಳಕ್ಕೆ ದಾರಿಯಿಲ್ಲ. ಕನ್ನಡ ಶಾಲೆಗಳಲ್ಲಿ ಮಕ್ಕಳು ವಿರಳವಾಗುತ್ತ ಬಂದಿದ್ದಾರೆ. ಅಜ್ಜನ ಗಳಿಕೆಗೆ ಮೊಮ್ಮಗನು ತೆತ್ತ ಬೆಲೆಯಿದು.

ಮರಳುವ ದಾರಿ: ಒಂದು ತುಲನೆ

ಇಷ್ಟಾದರೂ ಈ ವಲಸೆಯನ್ನು ಒಟ್ಟಿನಲ್ಲಿ ಯಶಸ್ವಿಯೆನ್ನಬೇಕಾದುದಕ್ಕೆ ಕಾರಣವೇನು? ಅಳಿಯಸಂತಾನದ ಮಾತನ್ನು ಇಲ್ಲಿ ನೆನೆಯಬೇಕು. ಕುಟುಂಬದ ಮೂಲ ಹೆಣ್ಣಿನಲ್ಲಿ ನೆಲೆಸಿದ್ದುದರಿಂದ, ಗಂಡಸು ಎಷ್ಟು ದೂರ ಹೋದರೂ ತರವಾಡು ಮನೆಯ ದೀಪ ಆರಲಿಲ್ಲ. ಭೂತದ ಕೋಲಕ್ಕೂ ನಾಗನ ತಂಬಿಲಕ್ಕೂ ಅವನು ಬಂದು ನಿಂತರೆ ಅವನ ಸ್ಥಾನ ಅವನಿಗೆ ಇದ್ದೇ ಇದ್ದಿತು. ಕೆಲಸ ತಪ್ಪಿದರೆ, ರೋಗ ಬಂದರೆ, ನಗರದಲ್ಲಿ ಗಲಭೆಯಾದರೆ ಮರಳುವುದಕ್ಕೊಂದು ನೆಲೆಯಿದ್ದಿತು. ಆ ಧೈರ್ಯವಿದ್ದುದರಿಂದಲೇ ಅವನು ನಗರದಲ್ಲಿ ಸಾಹಸಕ್ಕೆ ಕೈಹಾಕಬಲ್ಲವನಾದನು. 1998ರಲ್ಲಿ ಕೊಂಕಣ ರೈಲು ಪೂರ್ಣವಾಗಿ ತೆರೆದ ಮೇಲಂತೂ ಹೋಗಿಬರುವ ಸಂಬಂಧ ಮತ್ತಷ್ಟು ಗಟ್ಟಿಯಾಯಿತು.

ಇದಕ್ಕೆ ಪ್ರತಿಯಾಗಿ ಶರಾವತಿ ಕಣಿವೆಯನ್ನು ನೋಡಬಹುದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಮುಳುಗಡೆಯಾದ ಹಳ್ಳಿಗಳ ಜನರು ಹೋದುದು ಬಹುಮಟ್ಟಿಗೆ ಅದೇ ಶಿವಮೊಗ್ಗ ಜಿಲ್ಲೆಯ ಬೇರೆ ಭಾಗಗಳಿಗೆ. ದೂರದ ಲೆಕ್ಕದಲ್ಲಿ ಮುಂಬಯಿಗೆ ಹೋದವರಿಗಿಂತ ಎಷ್ಟೋ ಹತ್ತಿರ, ನುಡಿಯೂ ಅದೇ. ಆದರೂ ಅವರ ನಷ್ಟ ಹೆಚ್ಚಿನದು. ಅವರು ಹೊರಟುದು ಸ್ವೇಚ್ಛೆಯಿಂದಲ್ಲ, ಬರಮಾಡಿಕೊಳ್ಳುವ ಸಂಘವಿರಲಿಲ್ಲ, ಕೊಟ್ಟ ನೆಲದ ಹಕ್ಕುಪತ್ರದ ಪ್ರಶ್ನೆ ದಶಕಗಳವರೆಗೆ ಇತ್ಯರ್ಥವಾಗಲಿಲ್ಲ, ಮರಳೋಣವೆಂದರೆ ಊರು ನೀರಿನಡಿಯಲ್ಲಿದ್ದಿತು. ಹಿನ್ನೀರಿನ ಆಚೆ ಉಳಿದ ತುಮರಿ ಭಾಗದವರಿಗೋ ಲಾಂಚನ್ನು ಬಿಟ್ಟು ಸೇತುವೆಯ ಮೇಲೆ ನಡೆಯುವ ಭಾಗ್ಯ ಬಂದುದು 2025ರಲ್ಲಿ. ನಾ. ಡಿಸೋಜರ ‘ದ್ವೀಪ’ ಈ ಮುಳುಗಡೆಯ ಸಂಕಟದಿಂದಲೇ ಮೂಡಿದ ಕೃತಿ. ಸ್ಥಳಾಂತರದ ಕಷ್ಟವನ್ನು ಮೈಲಿಗಳಿಂದ ಅಳೆಯಲಾಗದೆಂಬುದು ಈ ಎರಡನ್ನೂ ಹೋಲಿಸಿದರೆ ತಿಳಿಯುವುದು.

ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ನಿಯಮಗಳನ್ನು ನಿಷ್ಪನ್ನ ಮಾಡಬಹುದು. ಹೊರಡುವವನನ್ನು ಬರಮಾಡಿಕೊಂಡು ಅನ್ನ, ವಸತಿ, ವಿದ್ಯೆಗಳನ್ನು ಒದಗಿಸುವ ಜನವಾಗಲಿ ಸಂಸ್ಥೆಯಾಗಲಿ ಅಲ್ಲಿ ಇರಬೇಕು. ಇಲ್ಲಿ ಉಳಿದವರ ಹೊರೆಗೂ ಹಕ್ಕಿಗೂ ಗಳಿಕೆಯಲ್ಲಿ ಪಾಲು ಸಲ್ಲಬೇಕು. ಸೋತವನು ಮರಳುವ ದಾರಿ ತೆರೆದಿರಬೇಕು. ಈ ಮೂರೂ ಕೂಡಿದಲ್ಲಿ ವಲಸೆ ಹಿತಕರ. ಮೊದಲನೆಯದೂ ಕೊನೆಯದೂ ಇಲ್ಲದಲ್ಲಿ ಅದು ಕೇವಲ ನಿರ್ವಾಸನ. ಎರಡನೆಯದೊಂದು ತಪ್ಪಿದಲ್ಲಿ, ಹೋದವನು ಸುಖಿಯಾದರೂ ಊರು ಬಡವಾಗುವುದು. ನುಡಿಯ ನಷ್ಟವನ್ನಾದರೋ ಈ ಮೂರೂ ನಿಯಮಗಳು ತಡೆಯಲಾರವು. ಅದಕ್ಕೆ ಮನೆಮನೆಯ ಸಂಕಲ್ಪವೇ ಬೇಕು. ಮುಂಬಯಿಯ ಕನ್ನಡ ಶಾಲೆಗಳನ್ನೂ ಸಂಘಗಳನ್ನೂ ಉಳಿಸಿಕೊಳ್ಳುವ ಹೊಣೆ ಅಲ್ಲಿಯವರದು ಮಾತ್ರವಲ್ಲ. ಅವರ ಮನಿಯಾರ್ಡರುಗಳಿಂದ ಒಂದು ಶತಮಾನ ಕಾಲ ಪುಷ್ಟಿಗೊಂಡ ಕರಾವಳಿಯದೂ ಕರ್ನಾಟಕ ಸರಕಾರದ್ದೂ ಹೌದು.