ಕಲನಶಾಸ್ತ್ರ ಮತ್ತು ಭೌತವಿಜ್ಞಾನ

ಕಲನಶಾಸ್ತ್ರ: ಎಡೆಬಿಡದೆ ಬದಲಾಗುವ ಪರಿಮಾಣಗಳನ್ನು ಅಭ್ಯಸಿಸುವ ಗಣಿತವಿಭಾಗ. ಬದಲಾವಣೆಯ ದರವನ್ನು ಕಂಡುಹಿಡಿಯುವ ಕ್ರಿಯೆಗೆ ಅವಕಲನವೆಂದೂ ಸಣ್ಣ ಸಣ್ಣ ಬದಲಾವಣೆಗಳನ್ನು ಕೂಡಿಸಿ ಮೊತ್ತವನ್ನು ಪಡೆಯುವ ಕ್ರಿಯೆಗೆ ಅನುಕಲನವೆಂದೂ ಹೆಸರು. ಇವು ಪರಸ್ಪರ ವಿಲೋಮ ಕ್ರಿಯೆಗಳು. ಗ್ರಹವೊಂದು ವರ್ಷವಿಡೀ ಯಾವ ಹಾದಿಯಲ್ಲಿ ಸಾಗುತ್ತದೆಂದು ಚಲನನಿಯಮ ನೇರವಾಗಿ ಹೇಳುವುದಿಲ್ಲ; ಈ ಕ್ಷಣದಲ್ಲಿ ಅದರ ವೇಗ ಹೇಗೆ ಬದಲಾಗುತ್ತಿದೆ ಎಂಬುದನ್ನಷ್ಟೇ ಹೇಳುತ್ತದೆ. ಆ ಕ್ಷಣದ ನಿಯಮದಿಂದ ಇಡೀ ಹಾದಿಯನ್ನು ಪಡೆಯುವ ಸಾಧನ ಕಲನಶಾಸ್ತ್ರ. ಭೌತವಿಜ್ಞಾನದಲ್ಲಿ ಅದರ ಪ್ರಾಮುಖ್ಯಕ್ಕೆ ಇದೇ ಮೂಲಕಾರಣ.

ಪ್ರಾಚೀನ ಮೂಲಗಳು

ಕ್ರಿ.ಪೂ. 3ನೆಯ ಶತಮಾನದಲ್ಲಿ ಆರ್ಕಿಮಿಡೀಸ್ ಪರವಲಯದ ಖಂಡವೊಂದರ ವಿಸ್ತೀರ್ಣವನ್ನು ಅದರೊಳಗೆ ತ್ರಿಭುಜಗಳನ್ನು ತುಂಬುತ್ತ ಹೋಗಿ ಕಂಡುಹಿಡಿದ. ಅದು ಮೊದಲ ತ್ರಿಭುಜದ 4/3ರಷ್ಟೆಂದು ಸಾಧಿಸಿದ. ಭಾರತದಲ್ಲಿ ಈ ಚಿಂತನೆಗೆ ಪ್ರೇರಣೆ ಬಂದದ್ದು ಖಗೋಳಗಣಿತದಿಂದ. ಚಂದ್ರನ ಗತಿ ಕ್ಷಣಕ್ಷಣಕ್ಕೂ ಬದಲಾಗುವುದರಿಂದ ದಿನದ ಸರಾಸರಿ ಗತಿ ಸಾಲದೆಂದು ಕಂಡ 2ನೆಯ ಭಾಸ್ಕರಾಚಾರ್ಯ ಸಿದ್ಧಾಂತಶಿರೋಮಣಿಯಲ್ಲಿ (1150) ತಾತ್ಕಾಲಿಕ (ಆಯಾ ಕ್ಷಣದ) ಗತಿಯನ್ನು ಲೆಕ್ಕಹಾಕುವ ಕ್ರಮವನ್ನು ಹೇಳಿದ. ಕೇರಳದ ಸಂಗಮಗ್ರಾಮದ ಮಾಧವ (ಸು. 1340-1425) ಹಾಗೂ ಅವನ ಶಿಷ್ಯಪರಂಪರೆಯವರು ಪೈ, ಸೈನ್ ಮತ್ತು ಕೊಸೈನ್‌ಗಳ ಅನಂತಶ್ರೇಣಿಗಳನ್ನು ಕಂಡುಹಿಡಿದರು. ಇವುಗಳ ಉಪಪತ್ತಿಗಳು ಜ್ಯೇಷ್ಠದೇವನ ಮಲಯಾಳಂ ಗ್ರಂಥ ಯುಕ್ತಿಭಾಷಾದಲ್ಲಿವೆ. ಆದರೆ ಎಲ್ಲ ಬಗೆಯ ವಕ್ರಗಳಿಗೂ ಚಲನೆಗಳಿಗೂ ಅನ್ವಯಿಸುವ ಒಂದೇ ಕ್ರಮ ಆಗಿನ್ನೂ ರೂಪುಗೊಂಡಿರಲಿಲ್ಲ.

ಕ್ಷಣದ ವೇಗ

ಬೀಳುವ ವಸ್ತು ಕ್ರಮಿಸುವ ದೂರ ಕಾಲದ ವರ್ಗಕ್ಕೆ ಅನುಪಾತೀಯವೆಂದು ಗೆಲಿಲಿಯೋ 1638ರಲ್ಲಿ ಪ್ರಕಟಿಸಿದ. ಹೀಗೆ ಬೀಳುವ ವಸ್ತುವಿಗೆ ಸರಿಯಾಗಿ 3ನೆಯ ಸೆಕೆಂಡಿನ ಕೊನೆಯಲ್ಲಿ ಎಷ್ಟು ವೇಗ? ವೇಗವೆಂದರೆ ದೂರವನ್ನು ಕಾಲದಿಂದ ಭಾಗಿಸಿದ್ದು. ಒಂದು ಕ್ಷಣದಲ್ಲಾದರೋ ದೂರವೂ ಸೊನ್ನೆ, ಕಾಲವೂ ಸೊನ್ನೆ. ದೂರವನ್ನು 4.9 × ಕಾಲದ ವರ್ಗ ಎಂದಿಟ್ಟುಕೊಂಡರೆ, 3ರಿಂದ 3.1 ಸೆಕೆಂಡಿನ ನಡುವೆ ಸರಾಸರಿ ವೇಗ ಸೆಕೆಂಡಿಗೆ 29.89 ಮೀಟರ್, 3.01ರವರೆಗೆ 29.449; 3.001ರವರೆಗೆ 29.4049. ಅವಧಿ ಕಿರಿದಾದಂತೆ ಉತ್ತರ 29.4ನ್ನು ಸಮೀಪಿಸುತ್ತದೆ. ಈ ಪರಿಮಿತಿಯೇ ಕ್ಷಣದ ವೇಗ. ಅದೇ ಕ್ರಿಯೆಯನ್ನು ವೇಗಕ್ಕೆ ಅನ್ವಯಿಸಿದರೆ 9.8 ಎಂಬ ಸ್ಥಿರವಾದ ವೇಗೋತ್ಕರ್ಷ ಸಿಗುತ್ತದೆ. ಪ್ರತಿಕ್ಷಣವೂ ಹೆಚ್ಚುವ ವೇಗದ ಹಿಂದೆ ಬದಲಾಗದ ಒಂದೇ ಸಂಖ್ಯೆಯಿದೆ ಎಂಬುದು ಇದರಿಂದ ಹೊರಪಡುತ್ತದೆ.

ನ್ಯೂಟನ್ ಮತ್ತು ಲೈಬ್ನಿಟ್ಸ್

ಫರ್ಮಾ, ದೇಕಾರ್ತ್, ಬ್ಯಾರೋ ಮೊದಲಾದವರು ಸ್ಪರ್ಶಕ, ವಿಸ್ತೀರ್ಣಗಳ ಸಮಸ್ಯೆಗಳನ್ನು ಬಿಡಿಬಿಡಿಯಾಗಿ ಬಿಡಿಸಿದ್ದರು. ಈ ಎರಡು ಸಮಸ್ಯೆಗಳ ವಿಲೋಮ ಸಂಬಂಧವನ್ನು ಆಧಾರವಾಗಿಟ್ಟು ಸಾರ್ವತ್ರಿಕ ಕ್ರಮವನ್ನು ಕಟ್ಟಿದವರು ನ್ಯೂಟನ್ ಮತ್ತು ಲೈಬ್ನಿಟ್ಸ್. ಪ್ಲೇಗಿನಿಂದ ಕೇಂಬ್ರಿಜ್ ಮುಚ್ಚಿದ್ದ 1665-66ರ ಅವಧಿಯಲ್ಲಿ ನ್ಯೂಟನ್ ತನ್ನ ಕ್ರಮವನ್ನು ರೂಪಿಸಿದ. ಅದನ್ನು ಬಹುಕಾಲ ಪ್ರಕಟಿಸಲಿಲ್ಲ. ಸ್ವತಂತ್ರವಾಗಿ ಇದೇ ದಾರಿಯಲ್ಲಿ ನಡೆದ ಲೈಬ್ನಿಟ್ಸ್ 1684ರಲ್ಲಿ ಮೊದಲ ಲೇಖನವನ್ನು ಪ್ರಕಟಿಸಿದ. ಯಾರು ಮೊದಲೆಂಬ ಜಗಳ ಬ್ರಿಟನ್ ಮತ್ತು ಯೂರೊಪ್ ಖಂಡದ ಗಣಿತಜ್ಞರನ್ನು ದೀರ್ಘಕಾಲ ದೂರವಿಟ್ಟಿತು. ಇಂದು ಬಳಕೆಯಲ್ಲಿರುವ ಸಂಕೇತಗಳು ಬಹುಮಟ್ಟಿಗೆ ಲೈಬ್ನಿಟ್ಸನವು.

ನ್ಯೂಟನ್ನನ ಪ್ರಿನ್ಸಿಪಿಯಾ (1687) ಗ್ರಹಗಳ ದೀರ್ಘವೃತ್ತ ಕಕ್ಷೆಗೂ ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುವ ಬಲಕ್ಕೂ ಇರುವ ಸಂಬಂಧವನ್ನು ತೋರಿಸಿತು. ಗ್ರಂಥದ ನಿರೂಪಣೆ ರೇಖಾಗಣಿತದ್ದಾದರೂ ಒಳಗಿನ ತರ್ಕ ಪರಿಮಿತಿಯದೇ.

ಅವಕಲ ಸಮೀಕರಣಗಳ ಯುಗ

ನ್ಯೂಟನ್ನನ ಯಂತ್ರಶಾಸ್ತ್ರಕ್ಕೆ ಇಂದಿನ ರೂಪ ಬಂದದ್ದು 18ನೆಯ ಶತಮಾನದಲ್ಲಿ. ಬಲ, ದ್ರವ್ಯರಾಶಿ, ವೇಗೋತ್ಕರ್ಷಗಳ ಸಂಬಂಧವನ್ನು ಆಯ್ಲರ್ 1750ರ ಹೊತ್ತಿಗೆ ಅವಕಲ ಸಮೀಕರಣಗಳಾಗಿ ಬರೆದ. ಕಂಪಿಸುವ ತಂತಿಯ ಸಮೀಕರಣವನ್ನು ಡಾಲಂಬೇರ್ 1747ರಲ್ಲಿ ಕೊಟ್ಟ. ಲಗ್ರಾಂಜನ 1788ರ ಗ್ರಂಥ ಒಂದು ಚಿತ್ರವೂ ಇಲ್ಲದೆ ಇಡೀ ಯಂತ್ರಶಾಸ್ತ್ರವನ್ನು ಸಮೀಕರಣಗಳಲ್ಲಿ ನಿರೂಪಿಸಿತು.

ಈ ಕ್ರಮದ ಬಲವನ್ನು ಜನರಿಗೆ ಮನಗಾಣಿಸಿದ್ದು ಹ್ಯಾಲಿ ಧೂಮಕೇತು. ಗುರು, ಶನಿಗಳ ಸೆಳೆತವನ್ನು ಹಂತಹಂತವಾಗಿ ಲೆಕ್ಕಹಾಕಿದ ಕ್ಲೇರೋ, ಲಲಾಂದ್ ಮತ್ತು ನಿಕೋಲ್-ರೇನ್ ಲೆಪೋತ್ ಅವರು, ಧೂಮಕೇತು 1759ರ ಏಪ್ರಿಲ್ ನಡುವಿಗೆ ಸೂರ್ಯನಿಗೆ ಅತಿ ಸಮೀಪ ಬರುವುದೆಂದರು. ಅದು ಬಂದದ್ದು ಮಾರ್ಚ್ 13ಕ್ಕೆ. 1846ರಲ್ಲಿ ಲೆ ವೆರಿಯೇ ಯುರೇನಸ್ಸಿನ ಚಲನೆಯ ವ್ಯತ್ಯಾಸಗಳಿಂದ ಕಾಣದ ಗ್ರಹವೊಂದರ ಸ್ಥಾನವನ್ನು ಗಣಿಸಿದ. ಬರ್ಲಿನ್‌ನಲ್ಲಿ ಗಾಲೆ ಅದೇ ವರ್ಷದ ಸೆಪ್ಟೆಂಬರ್ 23ರ ರಾತ್ರಿ, ಸೂಚಿಸಿದ ಜಾಗದಿಂದ 1 ಡಿಗ್ರಿಯೊಳಗೆ ನೆಪ್ಚೂನನ್ನು ಕಂಡ.

ಉಷ್ಣ, ದ್ರವ, ವಿದ್ಯುತ್ತು

ವಸ್ತುಗಳ ಹಾದಿಯಷ್ಟೇ ಅಲ್ಲದೆ, ಜಾಗ ಮತ್ತು ಕಾಲ ಎರಡರಲ್ಲೂ ಬದಲಾಗುವ ಪರಿಮಾಣಗಳು 19ನೆಯ ಶತಮಾನದ ವಸ್ತುವಾದವು. ಫೂರಿಯೇ 1822ರ ಗ್ರಂಥದಲ್ಲಿ ಉಷ್ಣಪ್ರಸರಣದ ಸಮೀಕರಣವನ್ನು ವಿವರಿಸಿದ. ನಾವಿಯೇ ಮತ್ತು ಸ್ಟೋಕ್ಸ್ ಸ್ನಿಗ್ಧ ದ್ರವಗಳ ಹರಿವಿಗೆ ಸಮೀಕರಣಗಳನ್ನು ರಚಿಸಿದರು. 1865ರಲ್ಲಿ ಪ್ರಕಟವಾದ ಮ್ಯಾಕ್ಸ್‌ವೆಲ್ಲನ ಲೇಖನದ ವಿದ್ಯುತ್ಕಾಂತೀಯ ಸಮೀಕರಣಗಳಿಂದ ಅಲೆಯೊಂದು ಹೊಮ್ಮಿತು; ಅದರ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ., ಅಂದರೆ ಬೆಳಕಿನ ವೇಗ. ಬೆಳಕು ವಿದ್ಯುತ್ಕಾಂತೀಯ ಅಲೆಯೆಂಬ ತೀರ್ಮಾನ ಹೀಗೆ ಗಣಿತದಿಂದಲೇ ಒದಗಿತು. ಹರ್ಟ್ಸ್ ಇಂಥ ಅಲೆಗಳನ್ನು 1880ರ ದಶಕದ ಕೊನೆಯಲ್ಲಿ ಪ್ರಯೋಗದಿಂದ ಉಂಟುಮಾಡಿದ.

ತಳಹದಿಯ ಪ್ರಶ್ನೆ

ಕಲನಶಾಸ್ತ್ರದಲ್ಲಿ ಸೊನ್ನೆಯೂ ಅಲ್ಲದ, ಸೊನ್ನೆಯಲ್ಲದ್ದೂ ಅಲ್ಲದ ಅತ್ಯಲ್ಪ ಪರಿಮಾಣಗಳ ಬಳಕೆಯನ್ನು ಬರ್ಕ್ಲಿ 1734ರಲ್ಲಿ ಕಟುವಾಗಿ ಟೀಕಿಸಿದ. ಲೆಕ್ಕಗಳು ಫಲಿಸುತ್ತಿದ್ದುದರಿಂದ ಭೌತವಿಜ್ಞಾನಿಗಳ ಕೆಲಸ ನಿಲ್ಲಲಿಲ್ಲ. ಪರಿಮಿತಿಯ ಕಲ್ಪನೆಯನ್ನು ಕೋಶಿ (1821) ಮತ್ತು ಅನಂತರ ವೈಯರ್‌ಸ್ಟ್ರಾಸ್ ಬಿಗಿಗೊಳಿಸಿ ಟೀಕೆಗೆ ಉತ್ತರ ಕೊಟ್ಟರು.

ಆಧುನಿಕ ಕಾಲ ಮತ್ತು ಮಿತಿಗಳು

ಐನ್‌ಸ್ಟೈನನ ಸಾರ್ವತ್ರಿಕ ಸಾಪೇಕ್ಷತಾ ಸಿದ್ಧಾಂತ (1915), ರಿಚಿ ಮತ್ತು ಲೆವಿ-ಚಿವಿತಾ ಬೆಳೆಸಿದ್ದ ಟೆನ್ಸರ್ ಕಲನವನ್ನು ಆಧರಿಸಿತು. ಶ್ರೋಡಿಂಗರನ 1926ರ ಅಲೆ ಸಮೀಕರಣ ಪರಮಾಣುವಿಗೂ ಇದೇ ಭಾಷೆಯನ್ನು ಒಯ್ದಿತು. 1927ರಲ್ಲಿ ಕರ್ಮ್ಯಾಕ್ ಮತ್ತು ಮೆಕೆಂಡ್ರಿಕ್ ಸಾಂಕ್ರಾಮಿಕ ರೋಗಗಳ ಹರಡುವಿಕೆಯನ್ನೂ ಅವಕಲ ಸಮೀಕರಣಗಳಲ್ಲಿ ಬರೆದರು.

ನಿಯಮ ತಿಳಿದ ಮಾತ್ರಕ್ಕೆ ಭವಿಷ್ಯ ತಿಳಿಯುವುದಿಲ್ಲ. ಮೂರು ಕಾಯಗಳ ಪರಸ್ಪರ ಸೆಳೆತದ ಸಮಸ್ಯೆಯಲ್ಲಿ ಚಲನೆ ಅತಿ ಜಟಿಲವಾಗಬಲ್ಲದೆಂದು ಪ್ವಾಂಕರೆ 19ನೆಯ ಶತಮಾನದ ಕೊನೆಗೆ ಕಂಡ. ಆರಂಭದ ಅತ್ಯಲ್ಪ ವ್ಯತ್ಯಾಸವೂ ಹವಾಮಾನದಂಥ ವ್ಯವಸ್ಥೆಯಲ್ಲಿ ಬೇಗನೆ ಹಿಗ್ಗುತ್ತದೆಂದು ಲೊರೆಂಜ್ 1963ರಲ್ಲಿ ತೋರಿಸಿದ. ಸೂತ್ರರೂಪದ ಪರಿಹಾರ ಸಾಮಾನ್ಯವಾಗಿ ಸಿಗದ ಕಾರಣ ಹವಾಮಾನ ಮುನ್ಸೂಚನೆ, ವಿಮಾನದ ರೆಕ್ಕೆಯ ವಿನ್ಯಾಸ ಮೊದಲಾದವುಗಳಲ್ಲಿ ಗಣಕಗಳು ಸಮೀಕರಣಗಳನ್ನು ಸಣ್ಣ ಸಣ್ಣ ಹೆಜ್ಜೆಗಳಲ್ಲಿ ಬಿಡಿಸುತ್ತವೆ. ಮೂರು ಆಯಾಮಗಳಲ್ಲಿ ನಾವಿಯೇ-ಸ್ಟೋಕ್ಸ್ ಸಮೀಕರಣಗಳಿಗೆ ಯಾವಾಗಲೂ ನಯವಾದ ಪರಿಹಾರ ಇದೆಯೇ ಎಂಬ ಪ್ರಶ್ನೆಗೆ ಕ್ಲೇ ಗಣಿತ ಸಂಸ್ಥೆ 2000ದಲ್ಲಿ 10 ಲಕ್ಷ ಡಾಲರ್ ಬಹುಮಾನವನ್ನು ಘೋಷಿಸಿದೆ.