ಮೂರನೆಯ ಮನೆಯ ಬಾಗಿಲು

‘ಅತ್ತೆಗೆ ಮೀಸೆ ಬಂದರೆ ಮಾವ ಎನ್ನಬಹುದು’ ಎಂದು ನಮ್ಮ ಹಿರಿಯರು ‘ರೆ’ ಪ್ರತ್ಯಯವನ್ನೇ ಗೇಲಿ ಮಾಡಿದ್ದಾರೆ. ಇತಿಹಾಸದ ಅಧ್ಯಾಪಕರೂ ಅದನ್ನು ಹೊಸಿಲಾಚೆ ನಿಲ್ಲಿಸುತ್ತಾರೆ. ಆದುದನ್ನು ಹೇಳಿ, ಆಗದುದು ನಮಗೇಕೆ ಎನ್ನುತ್ತಾರೆ. ವ್ಯಾಕರಣ ಹೇಳಿ ಹೊಟ್ಟೆ ಹೊರೆಯುವ ನಾನು ಆ ಪ್ರತ್ಯಯವನ್ನು ಅಷ್ಟು ಸುಲಭವಾಗಿ ಬಿಟ್ಟುಕೊಡಲಾರೆ. ಆಗದುದನ್ನು ಊಹಿಸಿದಾಗಲೇ ಆದುದರ ಬೆಲೆ ತಿಳಿಯುವುದುಂಟು. ನಾನೆತ್ತಿಕೊಂಡಿರುವ ವಿಷಯ ಅಮೆರಿಕದ ದೂರದರ್ಶನದ ಕಾರ್ಟೂನುಗಳು. ಮಕ್ಕಳಾಟವೆಂದು ಓದುಗರು ನಕ್ಕಾರು. ನಗಲಿ, ಆದರೆ ಕೊನೆಯವರೆಗೆ ಓದಲಿ.

1950ರ ದಶಕದ ಮೊದಲಲ್ಲಿ ಅಲ್ಲಿ ಎನ್.ಬಿ.ಸಿ., ಸಿ.ಬಿ.ಎಸ್. ಎಂಬ ಎರಡು ಸಿರಿವಂತ ಪ್ರಸಾರ ಸಂಸ್ಥೆಗಳಿದ್ದವು. ಎ.ಬಿ.ಸಿ. ಮತ್ತು ಡ್ಯೂಮಾಂಟ್ ಬಡವರು. ಎ.ಬಿ.ಸಿ.ಯ ಹುಟ್ಟೇ ವಿಚಿತ್ರ. ಒಬ್ಬನ ಕೈಯಲ್ಲಿ ಎರಡು ರೇಡಿಯೊ ಜಾಲಗಳಿರಕೂಡದೆಂದು ಸರಕಾರ ಕಟ್ಟುಮಾಡಿದ್ದರಿಂದ ಎನ್.ಬಿ.ಸಿ. ತನ್ನ ಎರಡನೆಯ ಜಾಲವನ್ನು 1943ರಲ್ಲಿ ಮಾರಬೇಕಾಯಿತು. ಕೊಂಡವರು ಪೆಪ್ಪರ್‌ಮಿಂಟಿನ ವ್ಯಾಪಾರದಲ್ಲಿ ಹಣ ಮಾಡಿದ್ದ ಎಡ್ವರ್ಡ್ ನೋಬಲ್. ಬೆಲೆ 80 ಲಕ್ಷ ಡಾಲರು.

ಆ ಕಾಲಕ್ಕೆ ವಾಲ್ಟ್ ಡಿಸ್ನಿಯವರಿಗೆ ಒಂದು ಉದ್ಯಾನ ಕಟ್ಟುವ ಹಂಬಲ. ದೂರದರ್ಶನಕ್ಕೆ ಕಾರ್ಯಕ್ರಮ ಕೊಡುತ್ತೇನೆ, ಪ್ರತಿಯಾಗಿ ಉದ್ಯಾನಕ್ಕೆ ಹಣ ಹಾಕಿ ಎಂಬುದು ಅವರ ಷರತ್ತು. ಸಿರಿವಂತರಿಬ್ಬರೂ ಒಲ್ಲೆವೆಂದರು. ಮೂರನೆಯ ಮನೆಯಾದ ಎ.ಬಿ.ಸಿ. ಮಾತ್ರ ಬಾಗಿಲು ತೆರೆಯಿತು: 5 ಲಕ್ಷ ಡಾಲರು ಹೂಡಿ, 45 ಲಕ್ಷದವರೆಗಿನ ಸಾಲಕ್ಕೆ ಹೊಣೆ ನಿಂತಿತು. 1954ರ ಅಕ್ಟೋಬರಿನಲ್ಲಿ ಕಾರ್ಯಕ್ರಮ ಬಂತು. ಮರುವರ್ಷ ಜುಲೈಯಲ್ಲಿ ಡಿಸ್ನಿಲ್ಯಾಂಡ್ ತೆರೆಯಿತು. ಎ.ಬಿ.ಸಿ. ಚೇತರಿಸಿಕೊಂಡಿತು. ಡ್ಯೂಮಾಂಟ್ 1956ರಲ್ಲಿ ಕಣ್ಣುಮುಚ್ಚಿತು.

ಈಗ ನನ್ನ ‘ರೆ’ಯನ್ನು ಒಳಗೆ ಕರೆಯೋಣ. ಅಂದು ಎನ್.ಬಿ.ಸಿ. ಹೂಂ ಎಂದಿದ್ದರೆ? ಡಿಸ್ನಿಯ ಉದ್ಯಾನ ಹೇಗೂ ಆಗುತ್ತಿತ್ತು. ಆದರೆ ಎ.ಬಿ.ಸಿ.ಯೂ ಡ್ಯೂಮಾಂಟಿನ ದಾರಿ ಹಿಡಿಯುತ್ತಿತ್ತೋ ಏನೋ.

ಹಿಡಿದಿದ್ದರೆ ನಷ್ಟ ಯಾರಿಗೆ? 1957ರಲ್ಲಿ ಎಂ.ಜಿ.ಎಂ. ಕಂಪೆನಿ ತನ್ನ ಕಾರ್ಟೂನು ವಿಭಾಗವನ್ನು ಮುಚ್ಚಿತು. ‘ಟಾಮ್ ಅಂಡ್ ಜೆರ್ರಿ’ಗೆ ಏಳು ಆಸ್ಕರ್ ಗಳಿಸಿಕೊಟ್ಟಿದ್ದ ವಿಲಿಯಂ ಹ್ಯಾನಾ, ಜೋಸೆಫ್ ಬಾರ್ಬೆರಾ ಬೀದಿಗೆ ಬಿದ್ದರು. ಚಿತ್ರಮಂದಿರದ ಕಾರ್ಟೂನೊಂದಕ್ಕೆ ಹತ್ತಾರು ಸಾವಿರ ಡಾಲರು ತಗಲುತ್ತಿದ್ದರೆ, ದೂರದರ್ಶನ ಐದು ನಿಮಿಷಕ್ಕೆ ಕೊಟ್ಟದ್ದು ಸುಮಾರು ಮೂರು ಸಾವಿರ. ಅವರು ದೇಹವನ್ನು ನಿಲ್ಲಿಸಿ ಬಾಯಿ, ಕಣ್ಣುಗಳನ್ನಷ್ಟೇ ಆಡಿಸುವ ಮಿತವ್ಯಯದ ಕಲೆ ಕಲಿತರು. ಆಮೇಲೆ ದೊಡ್ಡವರೂ ನೋಡುವಂಥ ರಾತ್ರಿಯ ಕಾರ್ಟೂನೊಂದನ್ನು ಹೊತ್ತು ಬಾರ್ಬೆರಾ ನ್ಯೂಯಾರ್ಕಿನಲ್ಲಿ ವಾರಗಟ್ಟಲೆ ಅಲೆದರು. ಕೊನೆಗೆ ಕೊಂಡದ್ದು ಎ.ಬಿ.ಸಿ.ಯೇ. 1960ರ ಸೆಪ್ಟೆಂಬರ್ 30ರಂದು ‘ಫ್ಲಿಂಟ್‌ಸ್ಟೋನ್ಸ್’ ಆರಂಭವಾಗಿ ಆರು ವರ್ಷ ನಡೆಯಿತು. ಮೂರನೆಯ ಮನೆ ಇಲ್ಲದಿದ್ದರೆ ಆ ಶಿಲಾಯುಗದ ಸಂಸಾರ ಕಾಗದದಲ್ಲೇ ಉಳಿಯುತ್ತಿತ್ತೆಂದು ನನ್ನ ಊಹೆ.

ಪೈಪೋಟಿಯೆಲ್ಲ ಪುಣ್ಯವೆಂದು ನಾನು ಹೇಳುತ್ತಿಲ್ಲ. 1960ರ ದಶಕದ ಉತ್ತರಾರ್ಧದಲ್ಲಿ ಮೂರು ಸಂಸ್ಥೆಗಳೂ ಶನಿವಾರದ ಬೆಳಗುಗಳಿಗಾಗಿ ಕಾದಾಡಿದಾಗ ಒಬ್ಬರದನ್ನು ನೋಡಿ ಇನ್ನೊಬ್ಬರು ಅಚ್ಚು ಹೊಡೆದರು. ನಡುನಡುವೆ ಆಟಿಕೆ, ಮಿಠಾಯಿಗಳ ಜಾಹೀರಾತು ತುರುಕಿದರು. ಆದರೂ ಒಂದು ಮಾತು ನಿಜ: ಕಳೆದುಕೊಳ್ಳಲು ಏನೂ ಇಲ್ಲದವನೇ ಹೊಸದಕ್ಕೆ ಕೈಚಾಚುತ್ತಾನೆ. ತುಂಬಿದ ಮನೆ ಹೊಸಬನಿಗೆ ‘ನಾಳೆ ಬಾ’ ಎನ್ನುತ್ತದೆ.

ನಮ್ಮಲ್ಲಿ ಆ ಮೂರನೆಯ ಮನೆ ಯಾವುದಿತ್ತು? 1993ರಲ್ಲಿ ಹದಿಮೂರರ ಹುಡುಗನಾಗಿದ್ದ ನನಗೆ ಗೊತ್ತಿದ್ದುದು ದೂರದರ್ಶನವೊಂದೇ. ಜಪಾನಿನಲ್ಲಿ ಬರೆದ ಮೋಗ್ಲಿ ಭಾನುವಾರ ಬೆಳಿಗ್ಗೆ ಹಿಂದಿಯಲ್ಲಿ ಬರುತ್ತಿದ್ದ. ಅರ್ಥವಾಗದ ಹಾಡನ್ನು ನಮ್ಮ ಬೀದಿಯ ಮಕ್ಕಳೆಲ್ಲ ಬಾಯಿಪಾಠ ಮಾಡಿದ್ದೆವು. ಹ್ಯಾನಾ-ಬಾರ್ಬೆರಾ ಸಂಸ್ಥೆಯನ್ನು ಕೊಂಡ ಟೆಡ್ ಟರ್ನರ್ 1992ರಲ್ಲಿ ಆರಂಭಿಸಿದ ಕಾರ್ಟೂನ್ ನೆಟ್‌ವರ್ಕ್ 1995ರಲ್ಲಿ ಭಾರತಕ್ಕೆ ಬಂತು. ಅದರ ಮಾತು ಇಂಗ್ಲಿಷು. ಮಕ್ಕಳಿಗೆಂದೇ ಕನ್ನಡದ ವಾಹಿನಿ, ಚಿಂಟು ಟಿ.ವಿ., ಬಂದದ್ದು 2009ರಲ್ಲಿ. ಅಷ್ಟರಲ್ಲಿ ಒಂದು ತಲೆಮಾರು ಬೇರೆ ಭಾಷೆಗಳಲ್ಲಿ ನಕ್ಕು ಮುಗಿಸಿತ್ತು.

ದುರ್ಗಸಿಂಹ ಹನ್ನೊಂದನೆಯ ಶತಮಾನದಲ್ಲೇ ಪಂಚತಂತ್ರದ ಸಿಂಹ, ನರಿ, ಎತ್ತುಗಳಿಗೆ ಕನ್ನಡ ಕಲಿಸಿದ್ದ. ಅವು ಪರದೆಗೆ ಬರಲು ಸಿದ್ಧವಾಗಿಯೇ ಇದ್ದವು. 1981ರಲ್ಲಿ ಬೆಂಗಳೂರಿಗೆ ದೂರದರ್ಶನ ಬಂದಾಗ ಪಕ್ಕದಲ್ಲೇ ಒಂದು ಬಡ ಪ್ರತಿಸ್ಪರ್ಧಿ ಇದ್ದಿದ್ದರೆ, ಅದು ಹೊಟ್ಟೆಪಾಡಿಗಾದರೂ ಆ ನರಿಗಳನ್ನು ಕರೆದಿದ್ದರೆ!

ಕತೆಯ ಕೊನೆ ಇಷ್ಟು. ಅಂದು ಹಣ ಕೇಳಿ ಬಾಗಿಲು ತಟ್ಟಿದ್ದ ಡಿಸ್ನಿಯ ಕಂಪೆನಿ 1996ರಲ್ಲಿ ಎ.ಬಿ.ಸಿ.ಯನ್ನೇ ಕೊಂಡಿತು. ಮೂರನೆಯ ಮನೆಯೂ ಈಗ ದೊಡ್ಡಮನೆ. ಹೊಸ ಚಿತ್ರಗಾರನೊಬ್ಬ ಇನ್ನು ಯಾರ ಬಾಗಿಲು ತಟ್ಟಬೇಕು? ನಮ್ಮ ಊರಿನಲ್ಲಿ ತಟ್ಟಿದರೆ, ತೆರೆಯುವವರು ಯಾರಾದರೂ ಇದ್ದಾರೆಯೆ?