ಯಂತ್ರದ ತಳಪಾಯ

ಯಂತ್ರದ ತಳಪಾಯವು ಲೇತ್, ಪ್ರೆಸ್, ಪವರ್ ಹ್ಯಾಮರ್ ಮೊದಲಾದ ಭಾರಿ ಯಂತ್ರಗಳನ್ನು ನಿಲ್ಲಿಸಲು ಕಾರ್ಯಾಗಾರದಲ್ಲಿ ನಿರ್ಮಿಸುವ ಕಾಂಕ್ರೀಟ್ ಕಟ್ಟೆಯಾಗಿದೆ. ಭಾರವನ್ನು ಹೊರುವುದರ ಜೊತೆಗೆ ಕಂಪನವನ್ನು ಮಿತಿಯಲ್ಲಿಡುವುದೂ ಇದರ ಉದ್ದೇಶ. ತಳಪಾಯದ ಸ್ವಾಭಾವಿಕ ಆವೃತ್ತಿಯು ಯಂತ್ರ ಓಡುವ ಆವೃತ್ತಿಗೆ ಸಮೀಪವಾಗಿದ್ದರೆ ಅನುರಣನೆ ಉಂಟಾಗಿ ಬೋಲ್ಟುಗಳು ಸಡಿಲಗೊಳ್ಳಬಹುದು, ಕಾಂಕ್ರೀಟ್ ಬಿರುಕು ಬಿಡಬಹುದು. ಕಂಪನವು ಕಟ್ಟಡಕ್ಕೆ ಹರಡದಂತೆ ಕಟ್ಟೆಯ ಸುತ್ತ ಸಂದು ಬಿಡಲಾಗುತ್ತದೆ.

ನಿರ್ಮಾಣ

ಮಣ್ಣನ್ನು ದಮ್ಮಸು ಮಾಡಿ, ಕಬ್ಬಿಣದ ಸರಳುಗಳನ್ನು ಕಟ್ಟಿ, ಆಂಕರ್ ಬೋಲ್ಟುಗಳನ್ನು ಅಲುಗದಂತೆ ನಿಲ್ಲಿಸಲಾಗುತ್ತದೆ. ಕಾಂಕ್ರೀಟನ್ನು ಸಾಧ್ಯವಾದಷ್ಟು ಒಂದೇ ಬಾರಿಗೆ ಸುರಿಯಬೇಕು. ನಡುವೆ ನಿಲ್ಲಿಸಿದರೆ ಅಲ್ಲಿ ದುರ್ಬಲ ಬೆಸುಗೆ ಉಳಿಯುತ್ತದೆ. ಸಾಮಾನ್ಯ ಪೋರ್ಟ್‌ಲೆಂಡ್ ಸಿಮೆಂಟ್ ಬಳಸಿದಾಗ ಕನಿಷ್ಠ 7 ದಿನ ನೀರುಣಿಸಬೇಕು. ಕಾಂಕ್ರೀಟಿನ ದರ್ಜೆಯನ್ನು 28 ದಿನಗಳ ಬಲದಿಂದ ಅಳೆಯುತ್ತಾರೆ. ಬಳಿಕ ಯಂತ್ರವನ್ನು ಸಮಮಟ್ಟಕ್ಕೆ ತಂದು, ಅದರ ಅಡಿಗೆ ಕುಗ್ಗದ ಗ್ರೌಟ್ ತುಂಬಲಾಗುತ್ತದೆ.

ಭಾರತದಲ್ಲಿ ಇಂತಹ ತಳಪಾಯಗಳಿಗೆ ಐಎಸ್ 2974 ಮಾನಕವು ಅನ್ವಯಿಸುತ್ತದೆ.